ರಾಟಾಟೂಯಿ: ಗಲ್ಲಾದ ಕಪ್ಪು ಪರದೆಗೆ ಒಳ್ಳೆಯ ಲೈಬ್ರರಿ, ಕನ್ನಡ ಬರೆಯುವ ತನಕ

ಮುಂಬೈಯ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರಿಗೆ ಮೌಸ್ ಹಿಡಿಯಲು ಪುರುಸೊತ್ತಿಲ್ಲ. ಒಂದು ಕೈ ಚಿಲ್ಲರೆಯ ಮೇಲೆ, ಇನ್ನೊಂದು ನಂಬರ್ ಕೀಗಳ ಮೇಲೆ. ಮಾಟುಂಗದಲ್ಲಾಗಲಿ ಚೆಂಬೂರಿನಲ್ಲಾಗಲಿ ಬೆಳಗಿನ ತಿಂಡಿಯ ಹೊತ್ತಿಗೆ ಬೇಕಾಗುವುದು ಇಷ್ಟೇ: ಕೀ ಒತ್ತಿದ ತಕ್ಷಣ ಸಾಲು ಮೂಡಬೇಕು, ಹಳೆಯ ಕಂಪ್ಯೂಟರಿನಲ್ಲೂ ಓಡಬೇಕು, ನೆಟ್ ಹೋದರೂ ನಿಲ್ಲಬಾರದು. ಇಂಥ ಕೆಲಸಕ್ಕೆ ಬ್ರೌಸರ್‌ಗಿಂತ ಟರ್ಮಿನಲ್, ಅಂದರೆ ಬರೀ ಅಕ್ಷರಗಳ ಕಪ್ಪು ಪರದೆ, ಹೆಚ್ಚು ಒಗ್ಗುತ್ತದೆ. ಪುಣೆಯ ಹಿಂಜವಡಿಯಲ್ಲಿ ಕೂತು ಇಂಥದ್ದನ್ನು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಹೊರಟವರು ಮೊದಲು ಎಡತಾಕುವ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ರಾಟಾಟೂಯಿ. ಬಿಲ್ ಪರದೆಯನ್ನೇ ಒರೆಗಲ್ಲಾಗಿ ಇಟ್ಟುಕೊಂಡು ಅದನ್ನು ಇಲ್ಲಿ ತೂಗಿ ನೋಡಿದೆ.

ಹಿನ್ನೆಲೆ ಚಿಕ್ಕದು. 2016ರಲ್ಲಿ ಶುರುವಾದ ಟುಯಿ-ಆರ್‌ಎಸ್ ಎಂಬ ಲೈಬ್ರರಿಯ ನಿರ್ವಹಣೆ ನಿಂತಾಗ, 2023ರಲ್ಲಿ ಬಳಕೆದಾರರ ಬಳಗವೇ ಅದನ್ನು ಕವಲೊಡೆಸಿ ಮುಂದುವರಿಸಿತು. ಎಂಐಟಿ ಪರವಾನಗಿ, ದುಡ್ಡು ಕೊಡಬೇಕಿಲ್ಲ. ಗಿಟ್‌ಯುಐ, ಬಾಟಮ್, ಯಾಝಿ, ಅಟುಯಿನ್ ಎಂಬ ಟರ್ಮಿನಲ್ ಪ್ರೋಗ್ರಾಂಗಳೆಲ್ಲ ಇದರ ಮೇಲೆ ನಿಂತಿವೆ. ಹಾಗಾಗಿ ಇದು ಆಟಿಕೆಯಲ್ಲ.

ಇದರ ಒಳಗುಟ್ಟು ಒಂದೇ. ಪರದೆಯನ್ನು ಚೌಕಾಬಾರದ ಹಾಸಿನಂತೆ ಮನೆಗಳಾಗಿ ನೋಡುತ್ತದೆ. 80 ಕಾಲಂ, 24 ಸಾಲಿನ ಪರದೆ ಎಂದರೆ 1,920 ಮನೆ. ಪ್ರತಿ ಸಲವೂ ನೀವು ಇಡೀ ಚಿತ್ರವನ್ನು ಹೊಸದಾಗಿ ಒಂದು ಬಫರಿಗೆ (ಮೆಮೊರಿಯ ತಾತ್ಕಾಲಿಕ ಹಾಳೆಗೆ) ಬರೆಯುತ್ತೀರಿ. ಲೈಬ್ರರಿ ಅದನ್ನು ಹಿಂದಿನ ಬಫರಿನ ಜೊತೆ ಹೋಲಿಸಿ, ಬದಲಾದ ಮನೆಗಳನ್ನು ಮಾತ್ರ ಟರ್ಮಿನಲ್‌ಗೆ ಕಳಿಸುತ್ತದೆ. ಮೊತ್ತ 240 ಇದ್ದದ್ದು 290 ಆದರೆ ಹೊರಗೆ ಹೋಗುವುದು ಕರ್ಸರ್ ಸರಿಸುವ ಒಂದು ಆದೇಶ, ಒಂದು ಅಂಕಿ. ಪುಣೆಯಿಂದ ಎಸ್‌ಎಸ್‌ಎಚ್ (ದೂರದ ಯಂತ್ರದೊಳಗೆ ಹೋಗುವ ವಿಧಾನ) ಮೂಲಕ ಮುಂಬೈಯ ಯಂತ್ರ ನೋಡುವಾಗ ಲೈನ್ ನಿಧಾನವಿದ್ದರೂ ಪರದೆ ಮಿನುಗದಿರುವುದು ಇದರಿಂದಲೇ. ಗುಂಡಿಯೊಂದನ್ನು ಸೃಷ್ಟಿಸಿ, ಅದಕ್ಕೆ ಕಾಲ್‌ಬ್ಯಾಕ್ (ಒತ್ತಿದಾಗ ಓಡುವ ಫಂಕ್ಷನ್) ಕಟ್ಟಿ, ಆಮೇಲೆ ಅದನ್ನು ಹುಡುಕಿ ಬಣ್ಣ ಬದಲಿಸುವ ಪದ್ಧತಿ ಇಲ್ಲಿಲ್ಲ. ಆ ಪದ್ಧತಿಯೇ ಬೇಕೆಂದರೆ ಕರ್ಸಿವ್ ಎಂಬ ಇನ್ನೊಂದು ಕ್ರೇಟ್ (ರಸ್ಟ್‌ನ ಲೈಬ್ರರಿ ಕಟ್ಟು) ಇದೆ. ಆದರೆ ಒಂದೇ ಬಿಲ್ ದತ್ತಾಂಶವನ್ನು ನಾಲ್ಕು ಕಾಲ್‌ಬ್ಯಾಕ್‌ಗಳು ತಿದ್ದಹೊರಟರೆ ಒಂದನ್ನು ಒಮ್ಮೆಗೆ ಒಬ್ಬರೇ ತಿದ್ದಬೇಕೆಂದು ಕಾಯುವ ರಸ್ಟ್‌ನ ಬಾರೋ ಚೆಕರ್ ಬಿಡುವುದಿಲ್ಲ. ಅದನ್ನು ದಾಟಲು ಆರ್‌ಸಿ, ರೆಫ್‌ಸೆಲ್ ಎಂಬ ಹೊದಿಕೆಗಳ ಗೋಜಲು ಶುರುವಾಗುತ್ತದೆ. ಸ್ಥಿತಿಯೆಲ್ಲ ಒಂದೇ ಸ್ಟ್ರಕ್ಟ್‌ನಲ್ಲಿ (ಮಾಹಿತಿಯ ಕಟ್ಟು), ಕೀಗಳಿಂದ ಬರುವುದೆಲ್ಲ ಒಂದೇ ಈನಮ್‌ನಲ್ಲಿ (ಆಯ್ಕೆಗಳ ಪಟ್ಟಿ), ಬರೆಯುವ ಫಂಕ್ಷನ್ ಸ್ಥಿತಿಯನ್ನು ಓದುವುದಷ್ಟೇ. ಈ ಜೋಡಣೆಗೆ ರಾಟಾಟೂಯಿ ಹೇಳಿ ಮಾಡಿಸಿದಂತಿದೆ.

ಆದರೆ ಇದು ಬರೆಯುವ ಲೈಬ್ರರಿ, ಅಷ್ಟೇ. ಕೀ ಓದುವುದು, ಕಾಯುವುದು, ಅಕ್ಷರ ತುಂಬುವ ಪೆಟ್ಟಿಗೆ, ಇದಾವುದೂ ಇದರಲ್ಲಿಲ್ಲ. ಕೀಗಳಿಗೆ ಸಾಮಾನ್ಯವಾಗಿ ಕ್ರಾಸ್‌ಟರ್ಮ್, ಪಠ್ಯ ತುಂಬಲು ಟುಯಿ-ಇನ್‌ಪುಟ್ ಅಥವಾ ಟುಯಿ-ಟೆಕ್ಸ್ಟ್‌ಏರಿಯಾ ಎಂಬ ಬೇರೆ ಕ್ರೇಟುಗಳು. ಲೂಪಿನಲ್ಲಿ ಕಾಯುವುದನ್ನು ಮರೆತರೆ ಪ್ರೊಸೆಸರಿನ ಒಂದು ಕೋರ್ ಪೂರ್ತಿ ಉರಿಯುತ್ತದೆ. ಕೀಗಾಗಿ ಕಾಯುವ ಪೋಲ್ ಫಂಕ್ಷನ್ನಿಗೆ 250 ಮಿಲಿಸೆಕೆಂಡ್ ಕೊಟ್ಟರೆ ಗಡಿಯಾರವೂ ನಡೆಯುತ್ತದೆ, ಕೀ ಬಂದ ಕ್ಷಣ ಎಚ್ಚರವೂ ಆಗುತ್ತದೆ. ಕ್ರಾಸ್‌ಟರ್ಮನ್ನು ಪ್ರತ್ಯೇಕವಾಗಿ ಸೇರಿಸಬೇಡಿ. ರಾಟಾಟೂಯಿ ಬಳಸುವ ಆವೃತ್ತಿ ಒಂದು, ನಿಮ್ಮದು ಇನ್ನೊಂದಾದರೆ ಟೈಪ್‌ಗಳು ಹೊಂದದೆ ವಿಚಿತ್ರ ದೋಷಗಳು ಬರುತ್ತವೆ. ಲೈಬ್ರರಿಯೇ ತನ್ನೊಳಗಿಂದ ಮರುರಫ್ತು ಮಾಡುವ ಕ್ರಾಸ್‌ಟರ್ಮನ್ನೇ ಬಳಸಿ.

ವಿಂಡೋಸ್ ಗಲ್ಲಾದಲ್ಲಿ ಒಮ್ಮೆ ಒತ್ತಿದರೆ ಎರಡು ಇಡ್ಲಿ ಬಿಲ್ಲಿಗೆ ಬೀಳುತ್ತದೆ. ಕಾರಣ ಸರಳ: ವಿಂಡೋಸ್‌ನಲ್ಲಿ ಕ್ರಾಸ್‌ಟರ್ಮ್ ಕೀ ಒತ್ತಿದ್ದನ್ನೂ ಬಿಟ್ಟದ್ದನ್ನೂ ಬೇರೆ ಬೇರೆ ಘಟನೆಗಳಾಗಿ ಕೊಡುತ್ತದೆ, ಲಿನಕ್ಸ್‌ನಲ್ಲಿ ಮಾಮೂಲಾಗಿ ಒತ್ತಿದ್ದು ಮಾತ್ರ ಬರುತ್ತದೆ. ಘಟನೆಯ ಬಗೆ ಪ್ರೆಸ್ ಹೌದೇ ಎಂದು ನೋಡುವ ಒಂದು ಸಾಲು ಹಾಕಿದರೆ ಮುಗಿಯಿತು. ಲಿನಕ್ಸ್‌ನಲ್ಲಿ ಬರೆದು ವಿಂಡೋಸ್‌ಗೆ ಕೊಡುವವರು ಇದನ್ನು ತಪ್ಪದೆ ಮರೆಯುತ್ತಾರೆ.

ಇನ್ನು ಬಾಗಿಲು ಮುಚ್ಚುವ ಕೆಲಸ. ಪ್ರೋಗ್ರಾಂ ಶುರುವಾಗುವಾಗ ಟರ್ಮಿನಲ್ ರಾ ಮೋಡ್‌ಗೆ (ಕೀಗಳು ನೇರ ಪ್ರೋಗ್ರಾಂಗೇ ಹೋಗುವ ಸ್ಥಿತಿ) ಹೋಗುತ್ತದೆ, ಪರ್ಯಾಯ ಪರದೆ ತೆರೆಯುತ್ತದೆ. ನಡುವೆ ಪ್ರೋಗ್ರಾಂ ಪ್ಯಾನಿಕ್ ಆಗಿ (ದೋಷದಿಂದ ಹಠಾತ್ತನೆ ನಿಂತು) ಸತ್ತರೆ ಟರ್ಮಿನಲ್ ಅದೇ ಸ್ಥಿತಿಯಲ್ಲಿ ಉಳಿದು, ಟೈಪ್ ಮಾಡಿದ್ದು ಕಾಣದೆ, ಸಾಲುಗಳು ಮೆಟ್ಟಿಲಿನಂತೆ ಓರೆಯಾಗುತ್ತವೆ. ಆಗ ಕಣ್ಣು ಮುಚ್ಚಿ ರೀಸೆಟ್ ಎಂದು ಟೈಪ್ ಮಾಡಿ ಎಂಟರ್ ಒತ್ತುವುದೇ ದಾರಿ. ರಾಟಾಟೂಯಿಯ 0.28.1 ಆವೃತ್ತಿಯಿಂದ ಇನಿಟ್, ರಿಸ್ಟೋರ್ ಫಂಕ್ಷನ್‌ಗಳು ಬಂದಿವೆ; ಸಾಯುವ ಮೊದಲು ಟರ್ಮಿನಲನ್ನು ಸರಿಪಡಿಸುವ ಪ್ಯಾನಿಕ್ ಹುಕ್ಕನ್ನು ಇನಿಟ್ ತಾನೇ ಹಾಕುತ್ತದೆ. ಹಳೆಯ ಪಾಠಗಳನ್ನು ನೋಡಿ ಇದನ್ನೆಲ್ಲ ಕೈಯಾರೆ ಬರೆಯಬೇಕಿಲ್ಲ. ರಾ ಮೋಡ್‌ನಲ್ಲಿ ಕಂಟ್ರೋಲ್-ಸಿ ಕೂಡ ಬರೀ ಒಂದು ಕೀ. ಹೊರಬರುವ ದಾರಿ ನೀವೇ ಇಡದಿದ್ದರೆ ಪ್ರೋಗ್ರಾಂ ನಿಲ್ಲುವುದಿಲ್ಲ. ಪ್ರಿಂಟ್‌ಎಲ್‌ಎನ್ (ಪರದೆಗೆ ಸಾಲು ಬರೆಯುವ ಆದೇಶ) ಇಟ್ಟು ದೋಷ ಹುಡುಕುವ ಅಭ್ಯಾಸವನ್ನೂ ಇಲ್ಲಿ ಬಿಡಬೇಕು. ಆ ಅಕ್ಷರಗಳು ನೇರ ಪರದೆಯ ಮೇಲೆ ಬೀಳುತ್ತವೆ, ಬಫರಿಗೆ ಅದರ ಸುಳಿವೇ ಇರುವುದಿಲ್ಲ. ಲಾಗ್ ಫೈಲಿಗೆ ಹೋಗಲಿ.

ಪರದೆ ಹಂಚುವ ವ್ಯವಸ್ಥೆ ಕಸೊವರಿ ಎಂಬ ಸಮೀಕರಣ ಬಿಡಿಸುವ ವಿಧಾನದ ಮೇಲೆ ನಿಂತಿದೆ. ಲೆಂತ್, ಮಿನ್, ಮ್ಯಾಕ್ಸ್, ಪರ್ಸೆಂಟೇಜ್, ರೇಷಿಯೊ, ಫಿಲ್ ಎಂದು ಹೇಳಿದರೆ ಅದೇ ಲೆಕ್ಕ ಹಾಕುತ್ತದೆ. ಬಿಲ್ಲಿಗೆ ಕೋಡ್ 4, ನಗ 4, ದರ 7, ಮೊತ್ತ 8, ಉಳಿದದ್ದು ಫಿಲ್, ಇಷ್ಟರಲ್ಲಿ ಸುಖವಾಗಿರುತ್ತದೆ. ಎಲ್ಲಕ್ಕೂ ಲೆಂತ್ ಕೊಟ್ಟು, ಒಟ್ಟು ಪರದೆಗಿಂತ ದೊಡ್ಡದಾದರೆ ಯಾವ ಕಾಲಂ ಕುಗ್ಗುತ್ತದೆ ಎಂಬುದು ಓದಿ ತಿಳಿಯುವಂಥದ್ದಲ್ಲ. ಯಾವುದಾದರೂ ಒಂದು ಫಿಲ್ ಇರಲಿ. ಅಂಚಿಗಾಗಿ ಅಗಲದಿಂದ 2 ಕಳೆಯುವ ಕಡೆ ನಿಜವಾದ ಹೊಂಡವಿದೆ: ಅಗಲ ಋಣವಾಗದ 16 ಬಿಟ್ ಸಂಖ್ಯೆ. ಯಾರೋ ವಿಂಡೋವನ್ನು ಒಂದು ಕಾಲಂ ಅಗಲಕ್ಕೆ ಎಳೆದರೆ ಡೀಬಗ್‌ನಲ್ಲಿ ಪ್ಯಾನಿಕ್, ರಿಲೀಸ್‌ನಲ್ಲಿ 65,535. ಸೊನ್ನೆಗಿಂತ ಕೆಳಗಿಳಿಯದ ಸ್ಯಾಚುರೇಟಿಂಗ್-ಸಬ್ ಬಳಸಿ, ಬರೆಯುವ ಜಾಗವನ್ನು ಬಫರಿನ ಜಾಗದೊಂದಿಗೆ ಛೇದಿಸಿಕೊಳ್ಳಿ. ಬಫರಿನ ಹೊರಗಿನ ಮನೆ ಮುಟ್ಟಿದರೆ ಲೈಬ್ರರಿ ಸುಮ್ಮನಿರದು, ಪ್ಯಾನಿಕ್ ಮಾಡುತ್ತದೆ.

ಪಟ್ಟಿ ಸ್ಕ್ರೋಲ್ ಆಗುವುದಿಲ್ಲ, ಸದಾ ಮೇಲಕ್ಕೇ ಜಿಗಿಯುತ್ತದೆ ಎಂಬ ದೂರು ಪದೇ ಪದೇ ಕೇಳಿಬರುತ್ತದೆ. ಲಿಸ್ಟ್‌ಸ್ಟೇಟನ್ನು ಬರೆಯುವ ಫಂಕ್ಷನ್ನಿನೊಳಗೇ ಹೊಸದಾಗಿ ಹುಟ್ಟಿಸಿದ್ದರ ಫಲ ಅದು. ವಿಜೆಟ್ (ಪಟ್ಟಿ, ಕೋಷ್ಟಕದಂಥ ಪರದೆಯ ತುಂಡು) ಒಂದು ಸಲ ಬರೆದರೆ ಸಾಯಲಿ, ಪರವಾಗಿಲ್ಲ. ಆಯ್ಕೆ ಎಲ್ಲಿತ್ತು, ಪಟ್ಟಿ ಎಷ್ಟು ಸರಿದಿತ್ತು ಎಂಬ ನೆನಪು ಮಾತ್ರ ನಿಮ್ಮ ಸ್ಟ್ರಕ್ಟ್‌ನಲ್ಲಿ ಬದುಕಿರಬೇಕು.

ಇಷ್ಟರವರೆಗೆ ಲೈಬ್ರರಿಗೆ ಪೂರ್ಣ ಅಂಕ. ತಿಂಡಿಗಳ ಹೆಸರು ರೋಮನ್ ಲಿಪಿಯಲ್ಲಿದ್ದರೆ ಇಲ್ಲಿಗೇ ಓದು ನಿಲ್ಲಿಸಬಹುದು. ಅಡುಗೆಮನೆಯ ಭಟ್ಟರು ಓದುವ ಪರದೆಯಲ್ಲಿ ಕನ್ನಡ ಬೇಕೆಂದಾಗ ಕತೆ ಬೇರೆ.

‘ಇಡ್ಲಿ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್‌ನಲ್ಲಿ 5 ಸಂಕೇತ: ಇ, ಡ, ಅರ್ಧಾಕ್ಷರ ಮಾಡುವ ವಿರಾಮ, ಲ, ಗುಡಿಸು. ಮೆಮೊರಿಯಲ್ಲಿ 15 ಬೈಟ್. ಗ್ರಾಫೀಮ್ (ಒಂದೇ ಅಕ್ಷರವೆಂದು ಎಣಿಸುವ ತುಂಡು) ನಿಯಮದಲ್ಲಿ ಇ, ಡ್, ಲಿ ಎಂದು 3 ತುಂಡು. ರಾಟಾಟೂಯಿ ನಂಬುವ ಯೂನಿಕೋಡ್-ವಿಡ್ತ್ ಕ್ರೇಟಿನ ಪ್ರಕಾರ 3 ಮನೆ, ಏಕೆಂದರೆ ಅದು ವಿರಾಮಕ್ಕೂ ಗುಡಿಸಿಗೂ ಸೊನ್ನೆ ಅಗಲ ಕೊಡುತ್ತದೆ. ಆದರೆ ‘ಚಹಾ’ದ ದೀರ್ಘಕ್ಕೆ ಒಂದು ಮನೆ ಕೊಡುತ್ತದೆ, ಹಾಗಾಗಿ ಕಣ್ಣಿಗೆ ಎರಡೇ ಅಕ್ಷರವಾದ ಚಹಾವೂ 3 ಮನೆ. ಒಂದೇ ಪದಕ್ಕೆ ಇಷ್ಟು ಎಣಿಕೆ ಇರುವಾಗ ಯಾವುದನ್ನು ಎಲ್ಲಿ ಬಳಸುತ್ತೀರಿ ಎಂಬುದರ ಮೇಲೆ ಕಾಲಂ ನೆಟ್ಟಗೆ ನಿಲ್ಲುವುದು, ವಾಲುವುದು.

ಮೊದಲ ತಪ್ಪು ರಸ್ಟ್‌ನ ಫಾರ್ಮ್ಯಾಟ್ ಮ್ಯಾಕ್ರೋದಲ್ಲಿ. 12ಕ್ಕೆ ತುಂಬಿಸು ಎಂದರೆ ಅದು ಸಂಕೇತಗಳನ್ನು ಎಣಿಸುತ್ತದೆ, ಮನೆಗಳನ್ನಲ್ಲ. ‘ಇಡ್ಲಿ’ಗೆ 5 ಎಣಿಸಿ 7 ಖಾಲಿ ಸೇರಿಸಿದರೆ ಒಟ್ಟು 10 ಮನೆ, ‘ಚಹಾ’ಗೆ 3 ಎಣಿಸಿ 9 ಸೇರಿಸಿದರೆ 12. ದರದ ಕಾಲಂ ಅಲ್ಲೇ ಎರಡು ಮನೆ ಒಡೆಯಿತು. ಟೇಬಲ್ ವಿಜೆಟ್‌ಗೆ ಕಾಲಂ ಅಗಲ ಹೇಳಿಬಿಡಿ, ಕೈಯಾರೆ ಖಾಲಿ ತುಂಬಬೇಡಿ. ಉದ್ದದ ಹೆಸರನ್ನು ಬೈಟ್ ಲೆಕ್ಕದಲ್ಲಿ ಕತ್ತರಿಸುವುದಂತೂ ಬೇಡವೇ ಬೇಡ: ಕನ್ನಡದ ಪ್ರತಿ ಸಂಕೇತ 3 ಬೈಟ್, 10ನೇ ಬೈಟಿನಲ್ಲಿ ಕತ್ತರಿ ಹಾಕಿದರೆ ನೇರ ಪ್ಯಾನಿಕ್.

ಎರಡನೆಯದು ಹಿಡಿಯಲು ಕಷ್ಟ. ಲೈಬ್ರರಿ ಒಂದು ಎಣಿಸುತ್ತದೆ, ಟರ್ಮಿನಲ್ ಇನ್ನೊಂದು ಎಣಿಸಿದರೆ ಇಬ್ಬರ ನಡುವೆ ಪಂಚಾಯಿತಿ ಮಾಡುವವರಿಲ್ಲ. ಟರ್ಮಿನಲ್‌ಗೆ ಬರೆಯುವ ಭಾಗವಾದ ಕ್ರಾಸ್‌ಟರ್ಮ್ ಬ್ಯಾಕೆಂಡ್ ಅಕ್ಕಪಕ್ಕದ ಮನೆಗಳನ್ನು ಬರೆಯುವಾಗ ಕರ್ಸರನ್ನು ಪ್ರತಿ ಸಲ ಹೊಸದಾಗಿ ಇಡುವುದಿಲ್ಲ, ತಾನೇ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ ಎಂದು ನಂಬುತ್ತದೆ. ನಡುವೆ ಬದಲಾಗದ ಮನೆಯೋ ಎರಡು ಮನೆಯ ಅಕ್ಷರವೋ ಬಂದರೆ ಮಾತ್ರ ಮತ್ತೆ ಜಾಗ ಹೇಳುತ್ತದೆ. ಹೀಗಾಗಿ ಸಾಮಾನ್ಯ ಸಾಲುಗಳು ನೆಟ್ಟಗೇ ಕಾಣುತ್ತವೆ, ಏಕೆಂದರೆ ಕಾಲಂಗಳ ನಡುವಿನ ಖಾಲಿ ಬದಲಾಗಿರುವುದಿಲ್ಲ. ಆಯ್ಕೆಯಾದ ಸಾಲಿಗೆ ಹಿಂಬಣ್ಣ ಹಾಕಿದಿರೋ, ಖಾಲಿಯೂ ಬದಲಾದ ಮನೆಯಾಗಿ, ಇಡೀ ಸಾಲು ಒಂದೇ ಓಟದಲ್ಲಿ ಹೋಗುತ್ತದೆ, ಮೊತ್ತ ಪಕ್ಕಕ್ಕೆ ಸರಿಯುತ್ತದೆ. ಅದೂ ಇಡ್ಲಿಯ ಸಾಲು ಸರಿದರೂ ಚಹಾದ ಸಾಲು ಸರಿಯದಿರಬಹುದು: ಎರಡು ಮನೆಯ ‘ಹಾ’ ಆದ ಮೇಲೆ ಬ್ಯಾಕೆಂಡ್ ಜಾಗವನ್ನು ಮತ್ತೆ ಹೇಳುತ್ತದೆ. ಬಾಣದ ಕೀ ಒತ್ತಿದಂತೆಲ್ಲ ಕೆಲವು ಸಾಲು ಮಾತ್ರ ಕುಣಿಯುವುದರ ಗುಟ್ಟು ಇದು. ಕನ್ನಡದ ಪಟ್ಟಿಗೆ ಹಿಂಬಣ್ಣ ಬಿಟ್ಟು, ಎಡಗಡೆ ಗುರುತು ಹಾಕುವ ಹೈಲೈಟ್ ಸಿಂಬಲ್ ಬಳಸಿದರೆ ಕುಣಿತ ನಿಲ್ಲುತ್ತದೆ.

ಇದೇ ಕಾರಣಕ್ಕೆ ಹೆಸರಿನ ಕಾಲಂ ಬಲತುದಿಯಲ್ಲಿರಬೇಕು. ಕೋಡ್, ನಗ, ದರ, ಮೊತ್ತ, ಕೊನೆಗೆ ಹೆಸರು. ಬಲಗಡೆಯ ಗೆರೆಯನ್ನೂ ತೆಗೆದುಬಿಡಿ. ಬಿಲ್ ಪುಸ್ತಕದಲ್ಲಿ ಹೆಸರು ಮೊದಲಿರುತ್ತದಲ್ಲ ಎಂದು ಸೇಠ್ರು ಗೊಣಗಬಹುದು, ಗೊಣಗಲಿ. ಪುಟ ಬದಲಿಸಿದಾಗ ಹಳೆಯ ಒತ್ತಕ್ಷರದ ಚೂರು ಉಳಿದರೆ ಅದೂ ಹೋಲಿಕೆಯ ಫಲವೇ: ‘ಡ್’ ಮನೆ ಬದಲಾಗಿಲ್ಲವೆಂದು ಬಿಟ್ಟು ‘ಲಿ’ಯ ಮನೆ ಮಾತ್ರ ತಿದ್ದಿರುತ್ತದೆ. ಪುಟ ಬದಲಾದಾಗ ಒಮ್ಮೆ ಟರ್ಮಿನಲ್ ಕ್ಲಿಯರ್ ಕರೆದರೆ ಸಾಕು. ಪ್ರತಿ ಚೌಕಟ್ಟಿಗೂ ಕರೆದರೆ ಪರದೆ ಮಿನುಗಿ ಕಣ್ಣು ನೋಯುತ್ತದೆ.

ಹುಡುಕಾಟದಲ್ಲಿ ‘ದೋಸೆ’ ಸಿಗದಿದ್ದರೆ ಲೈಬ್ರರಿಯನ್ನು ಬೈಯಬೇಡಿ. ‘ದೋ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಬಿಡಿ ಚಿಹ್ನೆಗಳಾಗಿಯೂ ಬರೆಯಬಹುದು; ನೋಡಲು ಒಂದೇ, ಬೈಟ್ ಬೇರೆ. ಪಟ್ಟಿಯನ್ನೂ ಟೈಪ್ ಮಾಡಿದ್ದನ್ನೂ ಎನ್‌ಎಫ್‌ಸಿ ಎಂಬ ಜೋಡಿಸಿದ ಒಂದೇ ರೂಪಕ್ಕೆ ತಂದು ಹೋಲಿಸಿ, ಯೂನಿಕೋಡ್-ನಾರ್ಮಲೈಸೇಷನ್ ಕ್ರೇಟ್ ಅದಕ್ಕೇ ಇದೆ. ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ ಸಂಕೇತ ಪದದ ನಡುವೆ ಕೂತಿದ್ದರೆ ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ, ಹುಡುಕುವಾಗ ನೀವೇ ಸೋಸಬೇಕು.

ಯಾವ ಟರ್ಮಿನಲ್ ಎಂಬುದೂ ವಿಮರ್ಶೆಯ ಭಾಗವೇ. ಲಿನಕ್ಸ್‌ನ ಬರೀ ಕನ್ಸೋಲಿನಲ್ಲಿ 512 ಅಕ್ಷರಾಕೃತಿಗಳಷ್ಟೇ ಹಿಡಿಯುತ್ತವೆ, ಆಕೃತಿ ಕೂಡಿಸುವ ವ್ಯವಸ್ಥೆಯೂ ಇಲ್ಲ. ಅಲ್ಲಿ ಕನ್ನಡ ಮರೆತುಬಿಡಿ. ವೇಗಕ್ಕೆ ಹೆಸರಾದ ಅಲಾಕ್ರಿಟಿ ಲಿಗೇಚರ್ (ಕೂಡಿದ ಅಕ್ಷರಾಕೃತಿ) ಕೂಡಿಸುವುದಿಲ್ಲ, ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಎಂಎಲ್‌ಟರ್ಮ್ ಭಾರತೀಯ ಲಿಪಿಗಳನ್ನು ಗಮನದಲ್ಲಿಟ್ಟದ್ದು. ಯಾವುದೇ ಆದರೂ ಒತ್ತು ಕೆಳಗಿಳಿಯುವ ಲಿಪಿ ನಮ್ಮದು, ಸಾಲಿನ ಎತ್ತರ ಸ್ವಲ್ಪ ಹೆಚ್ಚಿಸದಿದ್ದರೆ ಒತ್ತಿನ ಬುಡ ಕತ್ತರಿಸಿಹೋಗುತ್ತದೆ.

ಆವೃತ್ತಿಗಳ ವಿಷಯದಲ್ಲಿ ಒಂದು ಎಚ್ಚರಿಕೆ: 1.0 ಇನ್ನೂ ಆಗಿಲ್ಲ, ಪ್ರತಿ ದೊಡ್ಡ ಬಿಡುಗಡೆಯಲ್ಲೂ ಏನಾದರೊಂದು ಮುರಿಯುತ್ತದೆ. 0.30ರಲ್ಲಿ ಇಡೀ ಲೈಬ್ರರಿಯನ್ನೇ ಕೋರ್, ವಿಜೆಟ್ಸ್ ಎಂದು ಬೇರೆ ಬೇರೆ ಕ್ರೇಟುಗಳಾಗಿ ಒಡೆದರು. ಮುರಿದದ್ದನ್ನೆಲ್ಲ ಪ್ರತ್ಯೇಕ ಕಡತದಲ್ಲಿ ಬರೆದಿಡುತ್ತಾರೆ, ಅದು ಮೆಚ್ಚತಕ್ಕದ್ದು. ಬಳಸಿದ ಆವೃತ್ತಿಗಳನ್ನು ಹಿಡಿದಿಡುವ ಕಾರ್ಗೋ ಲಾಕ್ ಕಡತವನ್ನು ಗಿಟ್‌ಗೆ ಸೇರಿಸಿಡಿ. ಹಳೆಯ ಲಿನಕ್ಸ್ ಇರುವ ಗಲ್ಲಾಕ್ಕೆ ಕೊಡುವಾಗ ಮಸಲ್ ಟಾರ್ಗೆಟ್‌ಗೆ (ಬೇಕಾದ್ದನ್ನೆಲ್ಲ ಫೈಲಿನೊಳಗೇ ಸೇರಿಸುವ ಬಗೆ) ಬಿಲ್ಡ್ ಮಾಡಿದರೆ ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ ಆವೃತ್ತಿ ಸಾಲದೆಂಬ ತಕರಾರು ಬರುವುದಿಲ್ಲ. ಒಂದೇ ಫೈಲು, ಪೆನ್‌ಡ್ರೈವ್‌ನಲ್ಲಿ ಒಯ್ದು ಇಟ್ಟರಾಯಿತು.

ಪರೀಕ್ಷೆಗೆ ಟೆಸ್ಟ್‌ಬ್ಯಾಕೆಂಡ್ ಇದೆ, ಪರದೆಯನ್ನು ಪಠ್ಯವಾಗಿ ಹಿಡಿದು ಇನ್‌ಸ್ಟಾ ಕ್ರೇಟಿನಿಂದ ಹೋಲಿಸಬಹುದು. ಲೇಔಟ್ ದೋಷಗಳಿಗೆ ಇದು ಬಹಳ ಚೆನ್ನ. ಕನ್ನಡದ ಅಗಲಕ್ಕೆ ಮಾತ್ರ ನಿರುಪಯೋಗಿ, ಏಕೆಂದರೆ ಅದೂ ಅದೇ ಯೂನಿಕೋಡ್-ವಿಡ್ತ್ ಲೆಕ್ಕವನ್ನೇ ನಂಬುತ್ತದೆ. ಎಲ್ಲ ಹಸಿರು ತೋರಿಸಿ ಗಲ್ಲಾದಲ್ಲಿ ವಾಲಿರುತ್ತದೆ. ಅಲ್ಲಿಯ ಯಂತ್ರದಲ್ಲೇ ಅಳೆಯಬೇಕು: ಕರ್ಸರನ್ನು ಸೊನ್ನೆ ಕಾಲಂನಲ್ಲಿಟ್ಟು, ಮೆನುವಿನ ಒಂದು ಹೆಸರನ್ನು ಬರೆದು, ಕ್ರಾಸ್‌ಟರ್ಮ್‌ನ ಪೊಸಿಷನ್ ಫಂಕ್ಷನ್ನಿನಿಂದ ಕರ್ಸರ್ ಎಲ್ಲಿದೆ ಎಂದು ಕೇಳಿ. ಬರುವ ಕಾಲಂ ಸಂಖ್ಯೆಯೇ ಟರ್ಮಿನಲ್ ಎಣಿಸಿದ ಅಗಲ. ಅದನ್ನು ಕ್ರೇಟಿನ ಲೆಕ್ಕದ ಪಕ್ಕ ಇಟ್ಟು, ಬೇರೆಯಾದ ಹೆಸರುಗಳನ್ನಷ್ಟೇ ಪಟ್ಟಿ ಮಾಡಿ. ಇಡ್ಲಿ, ಉದ್ದಿನ ವಡೆ, ಬಿಸಿಬೇಳೆ ಬಾತ್, ಶ್ಯಾವಿಗೆ, ಚಹಾ: ಒತ್ತು, ಗುಡಿಸು, ದೀರ್ಘ, ಕೊನೆಯ ಅರ್ಧಾಕ್ಷರ ಎಲ್ಲ ಇದರಲ್ಲಿ ಬಂದವು.