ಹೆಸರು, ಕ್ಲಿಕ್ಕರ್, ಕೈಸನ್ನೆ: ನಾಯಿಯ ಗಮನ ಯಾವುದಕ್ಕೆ ನಿಲ್ಲುತ್ತದೆ?

ನಾಯಿಗೆ ‘ಕೂತ್ಕೋ’ ಕಲಿಸುವುದು ಸುಲಭ. ಬೇರೆ ನಾಯಿ ಎದುರು ಬಂದಾಗಲೂ ಅದು ನಮ್ಮ ಕಡೆಗೇ ನೋಡುವಂತೆ ಮಾಡುವುದು ಕಷ್ಟ. ನಮ್ಮ ಕೆಂಚನ ಜೊತೆ ಬೇರೆ ಬೇರೆ ದಾರಿ ಪ್ರಯತ್ನಿಸಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು.

ಹೆಸರು ಹಿಡಿದು ಕರೆಯುವುದೇ ಎಲ್ಲಕ್ಕಿಂತ ಬೇಗ ಸವೆಯುತ್ತದೆ. ‘ಕೆಂಚಾ, ಕೆಂಚಾ, ಕೆಂಚಾ’ ಅಂತ ಸುಮ್ನೆ ಕರೆಯುತ್ತಿದ್ದರೆ ಅದು ಫ್ಯಾನಿನ ಸದ್ದಿನ ಹಾಗೆ ಆಗಿಬಿಡುತ್ತದೆ. ಒಂದೇ ಸಲ ಕರೆಯಬೇಕು. ತಿರುಗಿ ನೋಡಿದ ತಕ್ಷಣ ಏನಾದರೂ ಸಿಗಬೇಕು. ಬೈಯುವಾಗಂತೂ ಹೆಸರು ಬೇಡವೇ ಬೇಡ.

ಕ್ಲಿಕ್ಕರ್, ಅಂದರೆ ಒತ್ತಿದರೆ ‘ಕ್ಲಿಕ್’ ಅಂತ ಸದ್ದು ಮಾಡುವ ಅಂಗೈಯಗಲದ ಸಾಧನ, ನನಗೆ ತುಂಬಾ ಹಿಡಿಸಿತು. 1940ರ ದಶಕದಲ್ಲೇ ಅಮೆರಿಕದ ಕೆಲ್ಲರ್ ಮತ್ತು ಮರಿಯನ್ ಬ್ರೆಲಂಡ್ ದಂಪತಿ ಇಂಥ ಸದ್ದಿನಿಂದ ಪ್ರಾಣಿಗಳಿಗೆ ಕಲಿಸುತ್ತಿದ್ದರು. ಮೊದಲು ಕ್ಲಿಕ್ ಮಾಡಿ ತಿನಿಸು, ಮತ್ತೆ ಕ್ಲಿಕ್ ಮಾಡಿ ತಿನಿಸು. ಸದ್ದಾದರೆ ತಿನ್ನಲು ಸಿಗುತ್ತದೆ ಅನ್ನುವುದು ನಾಯಿಗೆ ಗೊತ್ತಾಗಬೇಕು. ಆಮೇಲೆ ಕಾಯುವುದು. ಕೆಂಚ ನೆಲ ಮೂಸುತ್ತಿರುವಾಗ ಮೊದಲು ಅವನ ಒಂದು ಕಿವಿ ನನ್ನ ಕಡೆ ಹೊರಳುತ್ತದೆ, ಆಮೇಲೆ ತಲೆ ಏಳುತ್ತದೆ, ಕೊನೆಗೆ ಕಣ್ಣಿಗೆ ಕಣ್ಣು ಸೇರುತ್ತದೆ. ಕ್ಲಿಕ್ ಆ ಕ್ಷಣಕ್ಕೇ ಬೀಳಬೇಕು. ತಡವಾದರೆ, ಮತ್ತೆ ಮೂಸಲು ಹೋಗಿದ್ದಕ್ಕೇ ಬಹುಮಾನ ಕೊಟ್ಟ ಹಾಗಾಗುತ್ತದೆ. ನಮ್ಮ ಸಿಟ್ಟು, ಸುಸ್ತು ಯಾವುದೂ ಆ ಸದ್ದಿನಲ್ಲಿ ಇರುವುದಿಲ್ಲ, ಅದೇ ಅದರ ದೊಡ್ಡ ಗುಣ. ಆದರೆ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ತಿನಿಸು ಇರುವಾಗ ಕ್ಲಿಕ್ಕರ್ ಎಲ್ಲಿ ಹಿಡಿಯುವುದು? ಹೊರಗೆ ಹೋದಾಗ ಅದರ ಬದಲು ‘ಭೇಷ್’ ಅನ್ನುತ್ತೇನೆ. ಕ್ಲಿಕ್ಕಿನಷ್ಟು ಚುರುಕಿಲ್ಲ, ಆದರೂ ಕೆಲಸ ನಡೆಯುತ್ತದೆ. ಸದ್ದಿಗೆ ಬೆಚ್ಚುವ ನಾಯಿಗೂ ಇದೇ ವಾಸಿ.

ಮಾತು ಮತ್ತು ಕೈಸನ್ನೆ ಎರಡರಲ್ಲಿ ಕೈಸನ್ನೆಯೇ ಮೇಲು. ‘ಮಲಗು’ ಅನ್ನುತ್ತಾ ಕೂರುವ ಸನ್ನೆ ತೋರಿಸಿ ನೋಡಿದೆ. ಕೆಂಚ ಕೂತ! ಇಂಥ ಗೊಂದಲದಲ್ಲಿ ಹೆಚ್ಚಿನ ನಾಯಿಗಳು ಕೈಯನ್ನೇ ನಂಬುತ್ತವೆ. ಸನ್ನೆ ಕಾಣಬೇಕಾದರೆ ನಮ್ಮನ್ನು ನೋಡಲೇಬೇಕು ಅಲ್ವಾ? ಹಾಗಾಗಿ ನೋಡುವ ಅಭ್ಯಾಸವೂ ಜೊತೆಗೇ ಬರುತ್ತದೆ. ಮಾತನ್ನೂ ಕಲಿಸಬೇಕೆಂದರೆ ಮೊದಲು ಮಾತು, ಒಂದು ಚೂರು ಬಿಟ್ಟು ಸನ್ನೆ. ಎರಡೂ ಒಟ್ಟಿಗೆ ಬಂದರೆ ಮಾತು ಕಿವಿಗೇ ಹೋಗುವುದಿಲ್ಲ.

ಬೆನ್ನು ತಿರುಗಿಸಿ ದೂರದಲ್ಲಿದ್ದಾಗ ಮಾತ್ರ ಸನ್ನೆ ನಡೆಯದು. ಅಲ್ಲಿ ಸೀಟಿ. ನಮಗೆ ಕೇಳಿಸದ ಸೀಟಿಯೂ ಸಿಗುತ್ತದೆ. ನಮ್ಮ ಕಿವಿ ಸುಮಾರು 20,000 ಹರ್ಟ್ಜ್‌ಗೆ ನಿಂತರೆ ನಾಯಿಯದು ಸುಮಾರು 45,000ದವರೆಗೆ ಹೋಗುತ್ತದೆ. ಆದರೂ ನಾನು ಮಾಮೂಲಿ ಸೀಟಿಯನ್ನೇ ಆರಿಸಿಕೊಂಡೆ. ಪ್ರತಿ ಸಲ ಒಂದೇ ಥರ ಊದುತ್ತಿದ್ದೇನಾ ಅಂತ ನನಗೂ ಕೇಳಿಸಬೇಕಲ್ಲ. ಓಡಿ ಬರಲು ಚಿಕ್ಕ ಚಿಕ್ಕ ಸೀಟಿ ಊದುತ್ತೇನೆ. ಬಂದ ಮೇಲೆ ತಿನಿಸನ್ನು ನನ್ನ ಮೊಣಕಾಲಿನ ಪಕ್ಕದಲ್ಲೇ ಕೊಡುತ್ತೇನೆ, ಕೈ ಮುಂದೆ ಚಾಚುವುದಿಲ್ಲ. ಹೀಗೆ ಕೊಟ್ಟರೆ ಮುಂದಿನ ಸಲ ಅಷ್ಟು ಹತ್ತಿರಕ್ಕೇ ಬಂದು ನಿಲ್ಲುತ್ತಾನೆ.