ಮೈಸೂರಿನ ಕ್ಯಾನ್ಸರ್ ಡೇ ಕೇರ್: ಖಾಲಿ ಸ್ಟ್ರಿಪ್ ಎಣಿಸುವ ಸಿಸ್ಟರ್

ನಮ್ಮ ಅತ್ತೆಯನ್ನು ಹದಿನಾಲ್ಕು ತಿಂಗಳಿಂದ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಕ್ಯಾನ್ಸರ್ ಡೇ ಕೇರ್‌ಗೆ (ಅಡ್ಮಿಟ್ ಆಗದೆ ಚಿಕಿತ್ಸೆ ಪಡೆದು ಅದೇ ದಿನ ಮನೆಗೆ ಬರುವ ವಿಭಾಗ) ಕರೆದುಕೊಂಡು ಹೋಗುತ್ತಿದ್ದೇನೆ. ನಮ್ಮೂರು ಪಾಂಡವಪುರದ ಹತ್ತಿರ. ಅತ್ತೆಗೆ 58 ವರ್ಷ. ಸ್ತನ ಕ್ಯಾನ್ಸರ್, ನಾಲ್ಕನೇ ಹಂತ. ಒಂದೆರಡು ದೂರುಗಳೂ ಇವೆ, ಅದಕ್ಕೆ ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ. ಮನೆಯಲ್ಲಿ ಇಂಥ ಕಾಯಿಲೆ ಇರುವವರು ಎಂಥ ಜಾಗ ಹುಡುಕಬೇಕು ಅಂತ ಗೊತ್ತಾದರೆ ಸಾಕು.

ನಾವು ತಡವಾಗಿ ಹೋದೆವು. ಗಂಟು ಕೈಗೆ ಸಿಕ್ಕಿ ಒಂದೂವರೆ ವರ್ಷ ಅತ್ತೆ ಯಾರಿಗೂ ಹೇಳಿರಲಿಲ್ಲ. ನೋವಿರಲಿಲ್ಲ, ಹೇಳಿಕೊಳ್ಳಲು ನಾಚಿಕೆ, ಜೊತೆಗೆ ಕಬ್ಬು ಕಡಿಯುವ ಸಮಯ. ಬೆನ್ನು ನೋವು ಅಂತ ತೋರಿಸಲು ಹೋದಾಗ ಕಾಯಿಲೆ ಬೆನ್ನುಮೂಳೆಗೆ ಹರಡಿತ್ತು.

ಮೊದಲ ದೂರು ರಿಪೋರ್ಟಿನದು. ಬಯಾಪ್ಸಿ (ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ) ಆದ ಮೇಲೆ ಹಾರ್ಮೋನ್ ರಿಸೆಪ್ಟರ್ ಮತ್ತು ಹರ್-2 ರಿಪೋರ್ಟ್ ಬರಲು 22 ದಿನ ಹಿಡಿಯಿತು. ಕ್ಯಾನ್ಸರ್ ಬೆಳೆಯುವುದು ಮೈಯ ಹಾರ್ಮೋನಿನಿಂದಲಾ, ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಇದೆಯಾ ಅಂತ ಅದರಲ್ಲಿ ಗೊತ್ತಾಗುತ್ತೆ. ಯಾವ ಔಷಧಿ ಅನ್ನುವುದು ನಿಂತಿರುವುದೇ ಅದರ ಮೇಲೆ. ಹರ್-2 ಪಾಸಿಟಿವ್ ಆದರೆ ಟ್ರಾಸ್ಟುಝುಮಾಬ್‌ನಂಥ ಇಂಜೆಕ್ಷನ್ ಇದೆ. ಹಾರ್ಮೋನ್ ಪಾಸಿಟಿವ್ ಆದರೆ ಎಷ್ಟೋ ಜನರಿಗೆ ಮಾತ್ರೆಯಲ್ಲೇ ಶುರು ಮಾಡಬಹುದು. ಎರಡೂ ಇಲ್ಲದಿದ್ದರೆ ದಾರಿ ಜಾಸ್ತಿ ಕಷ್ಟ. ಅತ್ತೆಯದು ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್. ಆ 22 ದಿನ ನಾವು ನಿದ್ದೆ ಮಾಡಲಿಲ್ಲ.

ಡಾಕ್ಟರು ಚೆನ್ನಾಗಿಯೇ ವಿವರಿಸಿದರು. ಪೂರ್ತಿ ವಾಸಿಯಾಗುವುದು ಕಷ್ಟ, ಹಿಡಿತದಲ್ಲಿ ಇಡಬಹುದು ಅಂದರು. ಮೂಳೆಗೆ ಮಾತ್ರ ಹರಡಿದವರು ಲಿವರ್‌ಗೋ ಮಿದುಳಿಗೋ ಹರಡಿದವರಿಗಿಂತ ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರಂತೆ. ರೋಗಿ ತಾವೇ ಎದ್ದು ಓಡಾಡುವಷ್ಟು ಗಟ್ಟಿಯಾಗಿದ್ದರೆ ಅದೂ ಒಳ್ಳೆಯ ಲಕ್ಷಣವಂತೆ. ಆದರೆ ಇಷ್ಟನ್ನೂ ಹೇಳಿದ್ದು ನನ್ನ ಗಂಡನಿಗೆ. ಅತ್ತೆ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಬಸ್ಸಿನಲ್ಲಿ ಅವರು ಕೇಳಿದರು: “ನನ್ನ ಮೈ ವಿಷಯ ನನಗೆ ಹೇಳಬಾರದಾ ಕಣವ್ವ?” ಮುಂದಿನ ಸಲ ನಾನು ಡಾಕ್ಟರಿಗೆ ನೇರವಾಗಿ ಹೇಳಿದೆ. ಆಮೇಲಿಂದ ಅವರು ಅತ್ತೆಯನ್ನೇ ನೋಡಿ ಮಾತಾಡುತ್ತಾರೆ.

ಗಂಟು ತೆಗೆಸಿಬಿಡಿ ಅಂತ ನೆಂಟರೆಲ್ಲ ಒತ್ತಾಯ ಮಾಡುತ್ತಿದ್ದರು. ದುಡ್ಡು ಬರುತ್ತೆ ಅಂತ ಆಪರೇಷನ್‌ಗೆ ಬರೆದುಕೊಡಬಹುದಿತ್ತು, ಈ ಡಾಕ್ಟರು ಬರೆಯಲಿಲ್ಲ. ಮುಂಬೈಯ ಟಾಟಾ ಆಸ್ಪತ್ರೆಯಲ್ಲಿ 350 ಮಹಿಳೆಯರ ಮೇಲೆ ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ್ದಾರಂತೆ. ಹರಡಿದ ಮೇಲೆ ಸ್ತನದ ಗಂಟು ತೆಗೆದರೂ ಆಯಸ್ಸು ಹೆಚ್ಚಲಿಲ್ಲವಂತೆ. ಇದನ್ನು ಕೂರಿಸಿಕೊಂಡು ತಿಳಿಸಿದ್ದಕ್ಕೆ ಅವರಿಗೆ ಋಣಿ.

ಈಗ ಡೇ ಕೇರ್ ಸಿಸ್ಟರ್ ವಿಷಯ. ಅತ್ತೆಗೆ ದಿನವೂ ಲೆಟ್ರೋಝೋಲ್ (ಹಾರ್ಮೋನ್ ತಗ್ಗಿಸುವ ಮಾತ್ರೆ), ಜೊತೆಗೆ ಪಾಲ್ಬೊಸಿಕ್ಲಿಬ್ (ಕ್ಯಾನ್ಸರ್ ಕಣ ಹೆಚ್ಚದಂತೆ ತಡೆಯುವ ಮಾತ್ರೆ) 21 ದಿನ, ಆಮೇಲೆ ಒಂದು ವಾರ ಬಿಡುವು. ಪಾಲ್ಬೊಸಿಕ್ಲಿಬ್‌ನಿಂದ ಬಿಳಿ ರಕ್ತಕಣ ಇಳಿಯುತ್ತೆ ಅಂತ ರಕ್ತ ಪರೀಕ್ಷೆ. ಮೂರು ತಿಂಗಳಿಗೊಮ್ಮೆ ಮೂಳೆಗೆ ಝೋಲೆಡ್ರೋನಿಕ್ ಆಸಿಡ್ ಡ್ರಿಪ್. ಮೊದಲ ಡ್ರಿಪ್‌ಗೆ ಮುಂಚೆ ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದ್ದೂ ಈ ಸಿಸ್ಟರೇ, ಆ ಡ್ರಿಪ್‌ನಿಂದ ದವಡೆಗೆ ತೊಂದರೆ ಆಗಬಾರದು ಅಂತ. ಕೂದಲು ಉದುರಲಿಲ್ಲ. ಊರಿನವರು ಅದಕ್ಕೇ ಇದು ಕ್ಯಾನ್ಸರೇ ಅಲ್ಲ ಅಂತಾರೆ!

ಸಿಸ್ಟರ್ ಪ್ರತಿ ಸಲ ಖಾಲಿ ಸ್ಟ್ರಿಪ್ ತರಲು ಹೇಳುತ್ತಾರೆ. ನಾಲ್ಕನೇ ತಿಂಗಳು ಎಣಿಸಿದಾಗ ಒಂಬತ್ತು ಮಾತ್ರೆ ಹಾಗೇ ಉಳಿದಿದ್ದವು. ನನಗೆ ಗೊತ್ತೇ ಇರಲಿಲ್ಲ. ಬೈಯಲಿಲ್ಲ ಅವರು. ಅತ್ತೆಯ ಕೈ ಹಿಡಿದುಕೊಂಡು “ಯಾಕಮ್ಮ?” ಅಂದರು. “ಆಲೆಮನೆ ದುಡ್ಡು ಇನ್ನೂ ಬಂದಿಲ್ಲ. ಮಗನಿಗೆ ಎಷ್ಟು ಅಂತ ಭಾರ ಹಾಕಲಿ? ದಿನ ಬಿಟ್ಟು ದಿನ ನುಂಗಿದೆ.” ಅಲ್ಲೇ ನನಗೆ ಅಳು ಬಂತು. ಅವತ್ತೇ ಸಿಸ್ಟರ್ ಕಡಿಮೆ ಬೆಲೆಯ ಕಂಪನಿಯ ಮಾತ್ರೆ ಬರೆಸಿಕೊಟ್ಟರು. 2023ರಲ್ಲಿ ಪೇಟೆಂಟ್ ಮುಗಿದ ಮೇಲೆ ನಮ್ಮ ದೇಶದ ಹಲವು ಕಂಪನಿಗಳು ಪಾಲ್ಬೊಸಿಕ್ಲಿಬ್ ಮಾಡುತ್ತಿವೆ, ಬೆಲೆ ತುಂಬಾ ಇಳಿದಿದೆ. ಬಿಪಿಎಲ್ ಕಾರ್ಡು, ಆರೋಗ್ಯ ಕರ್ನಾಟಕದಲ್ಲಿ ಯಾವುದು ಸಿಗುತ್ತೆ ಅಂತ ಕೌಂಟರಿಗೆ ತಾವೇ ಬಂದು ಕೇಳಿಕೊಟ್ಟರು. ದಿನಾಂಕ ತಪ್ಪಿದರೆ ಸಂಜೆಯೊಳಗೆ ಫೋನ್ ಬರುತ್ತೆ. ನಾಟಿ ಸಮಯದಲ್ಲಿ ಹಾಗೆ ಎರಡು ಸಲ ಬಂತು. ಒಬ್ಬರೇ ಬರುವ ವಿಧವೆಯರು, ದೂರದ ಊರಿನವರು ಮಧ್ಯದಲ್ಲೇ ಚಿಕಿತ್ಸೆ ಬಿಟ್ಟುಬಿಡುತ್ತಾರೆ, ಅವರನ್ನು ಕಳೆದುಕೊಳ್ಳುವುದೇ ನನಗೆ ಸಂಕಟ ಅಂತ ಅವರು ಹೇಳಿದ್ದು ಮರೆಯಲ್ಲ. ಔಷಧಿ ಎಷ್ಟು ಒಳ್ಳೆಯದಾದರೂ ಹೊಟ್ಟೆಗೆ ಹೋಗಬೇಕಲ್ವಾ? ನಾಲ್ಕು ಸ್ಟಾರ್ ಕೊಡುತ್ತಿರುವುದು ಆ ಫೋನಿಗೆ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಔಷಧಿ ಅಂಗಡಿಗೆ. ಮೂರು ಸಲ ಮಾತ್ರೆ ಇಲ್ಲ, ನಾಳೆ ಬನ್ನಿ ಅಂದರು. 2023ರಿಂದ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತ, ಆದ್ದರಿಂದ ನಮಗೆ ಟಿಕೆಟ್ ಖರ್ಚಿಲ್ಲ. ಆದರೆ ಬೆನ್ನು ನೋವಿನವರು ಮತ್ತೆ ಆ ಬಸ್ಸಿನಲ್ಲಿ ಕುಲುಕಿಕೊಂಡು ಬರಬೇಕು, ನಾನು ಒಂದು ದಿನದ ಕೂಲಿ ಬಿಡಬೇಕು. ಹೋಗುವ ಮುಂಚೆ ಮಾತ್ರೆ ಇದೆಯಾ ಅಂತ ಫೋನ್ ಮಾಡಿಕೊಂಡು ಹೋಗಿ.

ನಮ್ಮ ಮುಂದಿನ ಸರದಿ ಗುರುವಾರ. ಖಾಲಿ ಸ್ಟ್ರಿಪ್ಪುಗಳನ್ನು ಅತ್ತೆ ಈಗಲೇ ರಬ್ಬರ್ ಬ್ಯಾಂಡ್ ಹಾಕಿ ಬ್ಯಾಗಿನಲ್ಲಿ ಇಟ್ಟಿದ್ದಾರೆ.