ಅಪ್ಪ ಅಮ್ಮನ ಜೊತೆ ಕೊಡೈಕೆನಾಲ್‌ಗೆ ಹೊರಟಿದ್ದೀರಾ? ಕಾಟೇಜ್‌ಗೆ ದುಡ್ಡು ಹಾಕುವ ಮುಂಚೆ ಇದನ್ನು ಓದಿ

ಕಳೆದ ಮೇ ತಿಂಗಳಲ್ಲಿ ನಾವು ಆರು ಜನ ಬೆಂಗಳೂರಿನಿಂದ ಕೊಡೈಕೆನಾಲ್‌ಗೆ ಹೋಗಿದ್ದೆವು. ನಾನು, ಹೆಂಡತಿ, ಇಬ್ಬರು ಮಕ್ಕಳು, ಅಪ್ಪ, ಅಮ್ಮ. ಅಪ್ಪನಿಗೆ 71 ವರ್ಷ, ಉಬ್ಬಸ ಇದೆ. ಅಮ್ಮನಿಗೆ ಮಂಡಿನೋವು. ಅಲ್ಲಿ ಕಳೆದ ಒಂದು ರಾತ್ರಿಯನ್ನು ನೆನೆಸಿಕೊಂಡರೆ ಈಗಲೂ ಎದೆ ಹಿಡಿದ ಹಾಗಾಗುತ್ತದೆ. ಊರಿನ ಮೇಲೆ ನನಗೆ ಕೋಪವಿಲ್ಲ. ಊರು ಚೆನ್ನಾಗಿದೆ. ಎಡವಿದ್ದು ಉಳಿಯುವ ಜಾಗದ ವಿಷಯದಲ್ಲಿ.

ಕಾಟೇಜ್ ಸಿಕ್ಕಿದ್ದು ಮೊಬೈಲಿನಲ್ಲಿ ರೀಲ್ಸ್ ನೋಡುವಾಗ. ಮರದ ಮನೆ, ಕಿಟಕಿಯಾಚೆ ತೇಲುವ ಮೋಡ. ಫೋನ್ ಮಾಡಿದೆ. ‘ಲೇಕ್‌ಗೆ ಹತ್ತಿರಾನೇ ಸಾರ್, ಹತ್ತೇ ನಿಮಿಷ’ ಅಂದರು. ಎರಡು ರಾತ್ರಿಗೆ 14,000 ರೂಪಾಯಿ, ಅರ್ಧ ಅಡ್ವಾನ್ಸ್. ಯುಪಿಐನಲ್ಲಿ ಹಾಕಿದೆ. ದುಡ್ಡು ಹೋಗಿದ್ದು ಯಾರದೋ ಸ್ವಂತ ಖಾತೆಗೆ. ರಸೀದಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ಮ್ಯಾಪ್‌ನಲ್ಲಿ ಕಳಿಸಿದ ಗುರುತು ಕೆರೆ ದಡದಲ್ಲೇ ಇತ್ತು, ಅದನ್ನೇ ನಂಬಿದೆ.

ಇಲ್ಲೊಂದು ಮಾತು ಹೇಳಬೇಕು. ಕೊಡೈಕೆನಾಲ್ ಕೆರೆ ತಾನಾಗಿ ಆದದ್ದಲ್ಲ. 1863ರಲ್ಲಿ ಮದುರೆಯ ಕಲೆಕ್ಟರ್ ಆಗಿದ್ದ ಲೆವಿಂಜ್ ಕಟ್ಟೆ ಹಾಕಿಸಿ ಮಾಡಿಸಿದ್ದು. ನೀರು ಕಣಿವೆ ಕಣಿವೆಗೂ ನುಗ್ಗಿ ನಕ್ಷತ್ರದ ಆಕಾರ ತಾಳಿದೆ. ಸುತ್ತಲಿನ ರಸ್ತೆಯೇ ಸುಮಾರು 5 ಕಿ.ಮೀ. ಇದೆ. ಹಾಗಾಗಿ ‘ಕೆರೆಗೆ ಹತ್ತಿರ’ ಅಂದರೆ ಯಾವ ಕಡೆಗೆ ಹತ್ತಿರ ಅಂತ ಗೊತ್ತಾಗುವುದಿಲ್ಲ. ಬಸ್ ನಿಲ್ದಾಣ, ಆಸ್ಪತ್ರೆ, ಅಂಗಡಿ ಬೀದಿ ಎಷ್ಟು ದೂರ ಅಂತ ಕೇಳಬೇಕು. ನಾನು ಕೇಳಿರಲಿಲ್ಲ.

ಬೆಳಗಿನ ಜಾವ ಐದಕ್ಕೆ ಹೊರಟು ಸೇಲಂ, ಕರೂರು, ದಿಂಡಿಗಲ್ ದಾಟಿ ಬತ್ಲಗುಂಡು ಕಡೆಯಿಂದ ಘಟ್ಟ ಹತ್ತಿದೆವು. ರಜೆಯ ಸಮಯ ನೋಡಿ, ಸಿಲ್ವರ್ ಕ್ಯಾಸ್ಕೇಡ್ ಜಲಪಾತದ ಹತ್ತಿರ ಗಾಡಿಗಳು ಇರುವೆ ಸಾಲಿನ ಹಾಗೆ ನಿಂತಿದ್ದವು. ಕೆರೆ ಮುಟ್ಟುವಾಗ ಸಂಜೆ ಏಳು. ಮ್ಯಾಪ್ ತೋರಿಸಿದ ಜಾಗದಲ್ಲಿ ಯಾವ ಕಾಟೇಜೂ ಇಲ್ಲ. ಫೋನ್ ಮಾಡಿದರೆ ‘ಪೂಂಬಾರೈ ರೋಡಲ್ಲಿ ಬನ್ನಿ ಸಾರ್, ಹಂಗೇ ಮುಂದೆ’ ಅಂದರು. ಮುಂದೆ ಹೋದೆವು, ಇನ್ನೂ ಮುಂದೆ ಹೋದೆವು. ಎರಡೂ ಕಡೆ ಕಾಡು, ಕಣ್ಣ ಮುಂದೆ ಮಂಜು. ಒಂದು ತಿರುವಿನಲ್ಲಿ ಕಾಟಿಗಳ (ಕಾಡುಕೋಣಗಳ) ಹಿಂಡು ರಸ್ತೆ ಪಕ್ಕದಲ್ಲೇ ನಿಂತಿತ್ತು. ಮಕ್ಕಳು ಘಟ್ಟದಲ್ಲೇ ವಾಂತಿ ಮಾಡಿಕೊಂಡು ಸುಸ್ತಾಗಿದ್ದರು. ಮೀಟರ್ ನೋಡಿದೆ, ಕೆರೆಯಿಂದ 14 ಕಿ.ಮೀ. ಬಂದಿದ್ದೆವು.

ಅಲ್ಲಿ ಒಬ್ಬ ಹುಡುಗ ಜೀಪ್ ಹತ್ತಿರ ಕಾಯುತ್ತಿದ್ದ. ಇಲ್ಲಿಂದ ಮಣ್ಣು ರಸ್ತೆ, ಕಾರು ಇಳಿಯಲ್ಲ, ಜೀಪ್‌ಗೆ 1,200 ಅಂದ. ಹೋಗುವುದಕ್ಕೆ ಬೇರೆ, ಬರುವುದಕ್ಕೆ ಬೇರೆ. ಕತ್ತಲಲ್ಲಿ ವಾದ ಮಾಡಲು ಮನಸ್ಸಾಗಲಿಲ್ಲ, ಒಪ್ಪಿಕೊಂಡೆ. ಜೀಪ್ ಇಳಿದ ಮೇಲೆ ಐವತ್ತು ಮೆಟ್ಟಿಲು. ಅಮ್ಮ ಒಂದೊಂದನ್ನೂ ನನ್ನ ಭುಜ ಹಿಡಿದು ಇಳಿದರು. ಒಳಗೆ ಹೋದರೆ ಗೋಡೆ ತೇವ, ಹೊದಿಕೆ ತೇವ, ಮುಗ್ಗಲು ವಾಸನೆ. ಕೊಡೈ ಇರುವುದು ಸುಮಾರು 7,000 ಅಡಿ ಎತ್ತರದಲ್ಲಿ. ಮೇ ತಿಂಗಳಲ್ಲೂ ರಾತ್ರಿ ಸ್ವೆಟರ್ ಬೇಕು. ಉಬ್ಬಸ ಇರುವವರಿಗೆ ಅಂಥ ಕೋಣೆ ಹೇಗಿರಬಹುದು ಹೇಳಿ.

ರಾತ್ರಿ ಒಂದೂವರೆಗೆ ಅಪ್ಪನಿಗೆ ಕೆಮ್ಮು ಶುರುವಾಯಿತು. ಆಮೇಲೆ ಉಸಿರು ಸಿಳ್ಳೆ ಹೊಡೆಯತೊಡಗಿತು. ಇನ್‌ಹೇಲರ್ ಕೊಟ್ಟೆವು, ಸ್ವಲ್ಪ ತಗ್ಗಿ ಮತ್ತೆ ಬಂತು. ಆ ಹುಡುಗ ಜೀಪ್ ತೆಗೆದುಕೊಂಡು ಯಾವಾಗಲೋ ಹೋಗಿದ್ದ. ಮೊಬೈಲಿಗೆ ಸಿಗ್ನಲ್ ಇಲ್ಲ. ಮೆಟ್ಟಿಲು ಹತ್ತಿ ಗೇಟಿನ ಹತ್ತಿರ ನಿಂತರೆ ಒಂದು ಗೆರೆ ಬರುತ್ತಿತ್ತು, ಕರೆ ಹೋಗುತ್ತಿರಲಿಲ್ಲ. ನಮ್ಮ ಕಾರು ಮಣ್ಣು ರಸ್ತೆಯ ಆ ತುದಿಯಲ್ಲಿ. ಕಾಟಿಗಳು ಓಡಾಡುವ ಕತ್ತಲಲ್ಲಿ ನಡೆದು ಹೋಗುತ್ತೇನೆ ಅಂದರೆ ಹೆಂಡತಿ ಬಿಡಲಿಲ್ಲ. ಹೋಗಿದ್ದರೂ ಕಾರು ಇಲ್ಲಿಗೆ ಬರುತ್ತಿರಲಿಲ್ಲ. ಅಪ್ಪನನ್ನು ದಿಂಬಿಗೆ ಮುಂದಕ್ಕೆ ಬಾಗಿಸಿ ಕೂರಿಸಿದೆವು. ಅಮ್ಮ ಬೆನ್ನು ನೀವುತ್ತಾ ‘ಬೆಳಗಾಗ್ಲಿ, ಬೆಳಗಾಗ್ಲಿ’ ಅಂತ ಅದೊಂದನ್ನೇ ಹೇಳುತ್ತಿದ್ದರು. ಐದು ಗಂಟೆ ಹಾಗೇ ಕೂತಿದ್ದೆವು.

ಆರೂವರೆಗೆ ಜೀಪ್ ಬಂತು. ಪೇಟೆಯ ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಾಕಿದರು, ಮಧ್ಯಾಹ್ನದ ಹೊತ್ತಿಗೆ ಅಪ್ಪ ಸುಧಾರಿಸಿಕೊಂಡರು. ಆಮೇಲೆ ಬಸ್ ನಿಲ್ದಾಣದ ಹತ್ತಿರ ಸಾದಾ ಲಾಡ್ಜ್ ಹಿಡಿದೆವು. ನೋಟವೇನೂ ಇರಲಿಲ್ಲ. ಬಿಸಿನೀರಿತ್ತು, ಒಣಗಿದ ಕಂಬಳಿ ಇತ್ತು, ಬಾಗಿಲ ಮುಂದೆ ಕಾರು ನಿಲ್ಲುತ್ತಿತ್ತು.

ಅದಕ್ಕೇ ಕೈಮುಗಿದು ಹೇಳುತ್ತಿದ್ದೇನೆ. ವಯಸ್ಸಾದವರು, ಪುಟ್ಟ ಮಕ್ಕಳು, ಬಸುರಿಯರು ಜೊತೆಗಿದ್ದರೆ ಮೊದಲು ಕೇಳಬೇಕಾದ್ದು ‘ನಮ್ಮ ಕಾರು ಬಾಗಿಲ ತನಕ ಬರುತ್ತದಾ?’ ಅಂತ. ‘ಬರುತ್ತೆ ಸಾರ್’ ಅಂದರೆ ಸಾಲದು. ರಸ್ತೆಯಿಂದ ಮಂಚದ ತನಕ ನಡೆಯುತ್ತಾ ವಿಡಿಯೋ ಕಾಲ್ ಮಾಡಿ ಅನ್ನಿ. ಅಲ್ಲೇ ನಿಂತು ಲೈವ್ ಲೊಕೇಶನ್ ಕಳಿಸಲು ಹೇಳಿ, ಸುಮ್ನೆ ಕಳಿಸಿದ ಮ್ಯಾಪ್ ಗುರುತು ನಂಬಬೇಡಿ. ಸಿಗ್ನಲ್ ಇಲ್ಲದ ಜಾಗವಾದರೆ ಆ ಕಾಲ್ ಮಾಡುವುದೇ ಕಷ್ಟ, ಅದೂ ಆಗಲೇ ತಿಳಿದುಹೋಗುತ್ತದೆ. ರಾತ್ರಿ ಯಾರು ಇರುತ್ತಾರೆ, ಗಾಡಿ ಇರುತ್ತದಾ ಅಂತಲೂ ಕೇಳಿ. ಕಾಟೇಜ್ ನಡೆಸಲು ಲೈಸೆನ್ಸ್ ಇದೆಯಾ ಅಂತ ಕೇಳಲು ಸಂಕೋಚ ಪಡಬೇಡಿ. ಸ್ನೇಹಿತರ ಗುಂಪು ಹೋಗುವುದಾದರೆ ಮಣ್ಣು ರಸ್ತೆ ಜೀಪ್ ಒಂದು ಖುಷಿಯೇ ಇರಬಹುದು, ಅದು ಬೇರೆ ಮಾತು.

ಇನ್ನೊಂದು ಸಣ್ಣ ವಿಷಯ. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಅಲ್ಲಿಗೆ ಹೋಗುವ ಹೊರಗಿನ ಗಾಡಿಗಳಿಗೆ ಇ-ಪಾಸ್ ಬೇಕು. ತಮಿಳುನಾಡು ಸರ್ಕಾರದ ವೆಬ್‌ಸೈಟಿನಲ್ಲಿ ನಾವೇ ಮಾಡಿಕೊಳ್ಳಬಹುದು, ಒಂದು ಪೈಸೆಯೂ ಇಲ್ಲ. ಘಟ್ಟದ ಕೆಳಗೆ ಒಬ್ಬ ಅದಕ್ಕೆ 300 ಕೇಳಿದ, ಕೊಡಬೇಡಿ. 2025ರ ಬೇಸಿಗೆಯಲ್ಲಿ ದಿನಕ್ಕೆ 4,000, ಶನಿವಾರ ಭಾನುವಾರ 6,000 ಗಾಡಿ ಅಂತ ಮಿತಿ ಹಾಕಿದ್ದರು. ಆದ್ದರಿಂದ ಪಾಸ್ ಸಿಕ್ಕ ಮೇಲೆಯೇ ರೂಮಿಗೆ ದುಡ್ಡು ಹಾಕಿ. ಪ್ಲಾಸ್ಟಿಕ್ ನೀರಿನ ಬಾಟಲಿಗೂ ತಡೆ ಇದೆ, ಮನೆಯಿಂದಲೇ ಸ್ಟೀಲ್ ಬಾಟಲಿ ತೆಗೆದುಕೊಂಡು ಹೋಗಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ‘ಒಂದು ರಾತ್ರಿ ಉಳಿದಿದ್ದೀರಲ್ಲ’ ಅಂದರು. ಆಮೇಲೆ ಫೋನ್ ತೆಗೆಯಲೇ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋಣ ಅಂತ ಕೂತರೆ ನನ್ನ ಹತ್ತಿರ ರಸೀದಿಯೂ ಇಲ್ಲ, ಸರಿಯಾದ ವಿಳಾಸವೂ ಇಲ್ಲ.

ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಬೇರೆ. ಕೋಕರ್ಸ್ ವಾಕ್ ನೋಡಬೇಕು ಅಂತ ಅಪ್ಪನಿಗೆ ಬಹಳ ದಿನಗಳಿಂದ ಆಸೆ. ಬೆಟ್ಟದ ಅಂಚಿನಲ್ಲಿ ಸುಮಾರು ಒಂದು ಕಿ.ಮೀ. ಕಾಲುದಾರಿ ಅದು. ಊರಿಗೆ ಹೊರಡುವ ದಿನ ಬೆಳಗ್ಗೆ ಅಲ್ಲಿಗೆ ಹೋದೆವು. ಅಪ್ಪ ಕಾರಿನಿಂದ ಇಳಿಯಲಿಲ್ಲ. ‘ನೀವು ಹೋಗ್ಬನ್ನಿ, ಮಕ್ಕಳಿಗೆ ತೋರಿಸಪ್ಪ’ ಅಂದರು. ಅಮ್ಮ ಅವರ ಪಕ್ಕದಲ್ಲೇ ಉಳಿದರು. ನಾವು ನಾಲ್ಕು ಜನ ನಡೆದು ವಾಪಸ್ ಬರುವಾಗ ಅಪ್ಪ ಕಾರಿನ ಗಾಜು ಪೂರ್ತಿ ಮೇಲೇರಿಸಿಕೊಂಡು, ಮಫ್ಲರ್ ಸುತ್ತಿಕೊಂಡು, ಗೇಟಿನ ಕಡೆಗೇ ನೋಡುತ್ತಾ ಕೂತಿದ್ದರು.